ತಪ್ಪು ಹಾಡುವ ಪಾಠ

ಕಂಪ್ಲಿಯಲ್ಲಿ ನಮ್ಮಂಥ ಮನೆಗಳ ಹೆಣ್ಣುಮಕ್ಕಳಿಗೆ ಹಾಡು ಬರಬಾರದು. ಆದರೆ ಕನ್ಯೆ ನೋಡಲು ಬಂದವರು ‘ಒಂದು ಹಾಡು ಹೇಳವ್ವ’ ಅಂದರೆ ಬರಲೇಬೇಕು. ಅದಕ್ಕೆಂದೇ ಅಕ್ಕಿ ಗಿರಣಿ ನಡೆಸುವ ನಮ್ಮ ಯಜಮಾನರು ಮಗಳು ನೀಲಗಂಗೆಗೆ ಶಿವನ ಹಾಡೊಂದನ್ನು ಕಲಿಸಲು ಹೊಸಪೇಟೆಯಿಂದ ತಿರುಮಲ ಮಾಸ್ತರರನ್ನು ಕರೆಸಿದರು.

“ಒಂದೇ ಸಾಕ್ರಿ. ಎರಡು ಕಲಿತ್ರ ಹುಡುಗಿ ಕೆಡ್ತಾಳ.”

ಒಂದು ಹಾಡಿಗೇ ಆರು ತಿಂಗಳು ಹಿಡಿಯಿತು. ಹಾಡತೊಡಗಿದರೆ ಒಲೆಯ ಮೇಲಿನ ಅನ್ನ ಸೀದರೂ ಅವಳಿಗೆ ತಿಳಿಯುತ್ತಿರಲಿಲ್ಲ. “ಅವ್ವಾ, ಇದನ್ನ ಬಿಟ್ಟು ಇರಾಕ ಆಗಂಗಿಲ್ಲ” ಎಂದಳೊಮ್ಮೆ, ರೊಟ್ಟಿ ತಟ್ಟುತ್ತ. ನಾನು ನಾದಿದ ಹಿಟ್ಟನ್ನು ಅವಳತ್ತ ಸರಿಸಿದೆ.

ಬಳ್ಳಾರಿ ಕಲೆಕ್ಟರ್ ಕಚೇರಿಯ ಗುಮಾಸ್ತನೊಬ್ಬನ ಕಡೆಯವರು ನೋಡಲು ಬಂದರು. ನೀಲಗಂಗೆ ಹಾಡಿದಳು. ಹುಡುಗನ ಸೋದರತ್ತೆ ದ್ಯಾಮಕ್ಕ ಬಾಯಿಗೆ ಒಯ್ದ ಉಂಡೆ ಅಲ್ಲೇ ನಿಂತಿತು.

“ಭಾಳ ಚಲೋ ಹಾಡ್ತಾಳ” ಎಂದಳು, ಸಾವಿನ ಸುದ್ದಿ ಹೇಳುವವಳಂತೆ. “ಮರ್ಯಾದಸ್ಥರ ಮನ್ಯಾಗ ಇಷ್ಟು ಚಲೋ ಯಾರು ಹಾಡ್ತಾರ?”

ಉಂಡೆ ಮುಗಿಸಿಯೇ ಎದ್ದು ಹೋದರು.

ಯಜಮಾನರು ಮಾಸ್ತರರ ಮೇಲೆ ಹರಿಹಾಯ್ದರು. “ಚಲೋ ಹಾಡಾಕ ಕಲಿಸ್ರಿ ಅಂತ ಯಾರು ಹೇಳಿದ್ರು ನಿಮಗ? ಅಲ್ಲಲ್ಲಿ ತಪ್ಪಬೇಕು. ಸಂಸಾರಸ್ಥರ ಹುಡುಗಿ ಹಾಡಿದಂಗ ಇರಬೇಕು.”

“ಕಲಿಸ್ತೀನ್ರಿ ಸಾವುಕಾರ್ರ” ಎಂದರು ಮಾಸ್ತರರು ಗಂಭೀರವಾಗಿ. “ಆದ್ರ ಎಲ್ಲಿ ತಪ್ಪಬೇಕು ಅಂತ ತಿಳೀಬೇಕಂದ್ರ ಪೂರಾ ಸಂಗೀತ ಕಲೀಬೇಕಾಗ್ತದ. ಒಂದು ಹಾಡಿನಾಗ ಆಗೂ ಕೆಲಸಲ್ಲ.”

ಹೀಗೆ ಮರ್ಯಾದೆ ಉಳಿಸಲೆಂದೇ ನಮ್ಮ ಮನೆಗೆ ಸಂಗೀತ ಬಂತು.

ವರ್ಷದ ಮೇಲೆ ಸಂಡೂರಿನವರು ನೋಡಲು ಬಂದರು. ಒಳಗೆ ಹೂ ಮುಡಿಸುತ್ತ ಮಗಳನ್ನು ಕೇಳಿದೆ: “ತಪ್ಪು ಹಾಡಾಕ ಬರ್ತದೇನವ್ವ?”

“ಬರ್ತದ. ಬೇಕಾದಲ್ಲಿ ತಪ್ಪಿಸ್ತೀನಿ.” ಕನ್ನಡಿಯಲ್ಲಿ ನನ್ನನ್ನೇ ನೋಡಿದಳು. “ಮದುವಿ ಆದಮ್ಯಾಲೆ ಇವರು ಹಾಡಾಕ ಬಿಡ್ತಾರೇನು?”

ಸುಳ್ಳು ಹೇಳಲು ಬಾಯಿ ಬರಲಿಲ್ಲ. “ಇಲ್ಲ” ಎಂದೆ.

ಹೋಗಿ ಅವರೆದುರು ಕೂತಳು. ಒಂದು ಸ್ವರವೂ ತಪ್ಪಲಿಲ್ಲ.

ಸಂಡೂರಿನವರ ಗಾಡಿ ಓಣಿ ದಾಟುವ ಮೊದಲೇ ಯಜಮಾನರು ಮತ್ತೆ ಮಾಸ್ತರರನ್ನು ಹಿಡಿದರು. ಅವರು ತಲೆ ಕೆರೆದುಕೊಂಡರು. “ಹುಡುಗಿ ಸ್ವಲ್ಪ ದಡ್ಡಿ ಅದಾಳ್ರಿ. ಇನ್ನೆರಡು ವರ್ಷ ಬೇಕಾಗ್ತದ.”

ಈಗ ದಿನಾ ಸಂಜೆ ಯಜಮಾನರು ಗಿರಣಿಯಿಂದ ಬೇಗ ಬಂದು ಕಟ್ಟೆಯ ಮೇಲೆ ಕೂತು ಪಾಠಕ್ಕೆ ಕಿವಿಗೊಡುತ್ತಾರೆ.

“ಈಗ ತಪ್ಪಿದ್ಲಲ್ಲ?” ಎಂದು ಆಸೆಯಿಂದ ಕೇಳುತ್ತಾರೆ.

“ಇನ್ನೂ ಬರವಲ್ದು ನೋಡ್ರಿ” ಅನ್ನುತ್ತೇನೆ ನಾನು, ಅಕ್ಕಿ ಆರಿಸುತ್ತ.