ಫ್ರೀಜರ್‌ನಲ್ಲಿ ಇಟ್ಟ ಅಳತೆಗಳು

ನಮ್ಮ ಮನೆಯಲ್ಲಿ ಏನು ಕೆಟ್ಟರೂ ಎಲ್ಲರೂ ಕೂಗುವುದು ನನ್ನ ಓರಗಿತ್ತಿಯನ್ನು. ನನ್ನ ಮೈದುನನ ಹೆಂಡತಿ ಅವಳು. ಮಹಡಿ ಮೇಲಿನ ಮನೆಯಲ್ಲಿರುತ್ತಾಳೆ, ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೆಲಸ. ಅತ್ತೆಯ ಮೊಬೈಲ್ ಮುನಿಸಿಕೊಂಡರೆ ಅವಳು ಬೇಕು, ಟಿವಿ ಬರದಿದ್ದರೆ ಅವಳು ಬೇಕು. ನಾನು ಇಪ್ಪತ್ತು ವರ್ಷದಿಂದ ಕೆಳಗಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದೇನೆ. ನನ್ನನ್ನು ಹೊಗಳಲು ಮಾತ್ರ ಯಾರಿಗೂ ಬಾಯಿ ಬರುವುದಿಲ್ಲ. ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ?

ಈ ಸಲ ಒಂದು ಶಾಲೆಯ ಇನ್ನೂರ ಹನ್ನೆರಡು ಮಕ್ಕಳ ಸಮವಸ್ತ್ರ ಹೊಲಿಯುವ ಕೆಲಸ ನನಗೆ ಸಿಕ್ಕಿತ್ತು. ರಜೆಗೆ ಮುಂಚೆ ಒಬ್ಬೊಬ್ಬರನ್ನೇ ನಿಲ್ಲಿಸಿ ಭುಜ, ಎದೆ, ಸೊಂಟ, ತೋಳು ಅಳೆದು, ತರಗತಿಗೊಂದು ಫೈಲು ಮಾಡಿ ಲ್ಯಾಪ್‌ಟಾಪ್‌ನಲ್ಲಿ ಇಟ್ಟುಕೊಂಡಿದ್ದೆ. ಓರಗಿತ್ತಿ ಅದನ್ನು ನೋಡಿದಳು.

"ಅಕ್ಕ, ಇದರದ್ದು ಇನ್ನೊಂದು ಕಾಪಿ ಪೆನ್‌ಡ್ರೈವ್‌ಗೆ ಹಾಕಿಡೋಣ್ವಾ? ಎರಡೇ ನಿಮಿಷ."

"ನನಗೂ ಗೊತ್ತು ಕಣೆ," ಎಂದೆ. ಗೊತ್ತಿರಲಿಲ್ಲ.

ರಜೆ ಶುರುವಾಗಿ ಮಕ್ಕಳೆಲ್ಲ ನೆಂಟರ ಮನೆಗಳಿಗೆ ಹೊರಟುಹೋದರು. ಒಂದು ದಿನ ನಾನು ಬಟ್ಟೆಯ ಸುರುಳಿ ಎಳೆದ ರಭಸಕ್ಕೆ ಲ್ಯಾಪ್‌ಟಾಪ್ ಮೇಜಿನಿಂದ ಬಿತ್ತು. ಎತ್ತಿ ನೋಡಿದರೆ ಪರದೆ ಚೆನ್ನಾಗಿಯೇ ಇತ್ತು. ಆದರೆ ಒಳಗಿಂದ ಟಕ್, ಟಕ್ ಎಂದು ಸದ್ದು. ಒಂದು ಫೈಲು ತೆರೆಯಲು ಹತ್ತು ನಿಮಿಷ. ಮರುದಿನ ಬೆಳಿಗ್ಗೆ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ, ಅಷ್ಟೇ.

"ಮೇಲಿಂದ ಅವಳನ್ನ ಕರೀಲಾ?" ನಮ್ಮವರು ಕೇಳಿದರು.

"ಕರೆದ್ರೆ ನೋಡಿ ಮತ್ತೆ! ಅತ್ತೆ ಮುಂದೆ ಮೆರೆಯೋಕೆ ಅವಳಿಗೆ ಇದೊಂದು ಬಾಕಿ ಇತ್ತು."

ಆಫ್ ಮಾಡಿದೆ, ಆನ್ ಮಾಡಿದೆ. ಹನ್ನೊಂದು ಸಲ. ಹೊಲಿಗೆ ಮಷಿನ್ ಹಟ ಹಿಡಿದಾಗ ಗುದ್ದುವ ಹಾಗೆ ಇದಕ್ಕೂ ಎರಡು ಗುದ್ದಿದೆ. ಸದ್ದು ಇನ್ನೂ ಜೋರಾಯಿತು. ಕೊನೆಗೆ ಮೊಬೈಲಿನ ವಿಡಿಯೋದಲ್ಲಿ ಯಾರೋ ಪುಣ್ಯಾತ್ಮ ಹೇಳಿದ್ದನ್ನು ನಂಬಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರೀಜರ್‌ಗೆ ತುರುಕಿದೆ.

ಮಧ್ಯಾಹ್ನ ಓರಗಿತ್ತಿ ಐಸ್ ತೆಗೆದುಕೊಂಡು ಹೋಗಲು ಬಂದಳು. ಫ್ರೀಜರ್ ಬಾಗಿಲು ತೆರೆದವಳು ಹಾಗೆಯೇ ನಿಂತಳು.

"ಅಕ್ಕ, ಪಾಪ, ಇದಕ್ಕೆ ಅಷ್ಟೊಂದು ಸೆಖೆ ಆಗ್ತಿತ್ತಾ?"

ಅತ್ತೆ ಕಿಸಕ್ಕನೆ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಆದರೂ ಬಿದ್ದದ್ದು, ಸದ್ದು ಬಂದದ್ದು ಎಲ್ಲ ಹೇಳಲೇಬೇಕಾಯಿತು. ಕೇಳುತ್ತಾ ಕೇಳುತ್ತಾ ಅವಳ ಮುಖದ ನಗು ಹೋಯಿತು.

"ಈಗಲೇ ಆನ್ ಮಾಡ್ಬೇಡಿ. ತಣ್ಣಗಿರೋದನ್ನ ಹೊರಗೆ ತಂದ್ರೆ ಒಳಗೆಲ್ಲ ನೀರು ಕೂರುತ್ತೆ, ಪೂರ್ತಿ ಒಣಗಲಿ," ಎಂದಳು.

ಮರುದಿನ ಬಂದು ಹಿಂಬದಿ ಬಿಚ್ಚಿದಳು. ಫೈಲುಗಳೆಲ್ಲ ಇರುವ ಹಳೆಯ ಡಿಸ್ಕ್ ತೆಗೆದು ಬೇರೊಂದನ್ನು ಕೂರಿಸಿದ ತಕ್ಷಣ ಲ್ಯಾಪ್‌ಟಾಪ್ ಸಲೀಸಾಗಿ ಶುರುವಾಯಿತು.

"ಲ್ಯಾಪ್‌ಟಾಪ್ ಸರಿ ಇದೆ ಅಕ್ಕ. ಹಾಳಾಗಿರೋದು ಡಿಸ್ಕ್."

"ಹಾಗಾದ್ರೆ ಅದನ್ನ ಬಿಚ್ಚಿ ಸರಿ ಮಾಡು."

"ಅದು ನನ್ನ ಕೈಲಾಗಲ್ಲ. ಒಳಗೆ ಒಂದು ತಟ್ಟೆ ತಿರುಗ್ತಿರುತ್ತೆ, ಅದನ್ನ ಮುಟ್ಟದ ಹಾಗೆ ಒಂದು ಪುಟ್ಟ ಮುಳ್ಳು ಓದ್ತಿರುತ್ತೆ. ಬಿದ್ದಾಗ ಆ ಮುಳ್ಳು ಕೆಟ್ಟಿದೆ. ನಿಮ್ಮ ಮಷಿನ್ ಸೂಜಿ ಡೊಂಕಾದ್ರೆ ಹೊಲೀತಾನೇ ಇರ್ತೀರಾ?"

"ಬಟ್ಟೆ ಹರಿದುಹೋಗಲ್ವಾ?"

"ಇಲ್ಲೂ ಅಷ್ಟೇ. ಆನ್ ಮಾಡಿದಷ್ಟೂ ತಟ್ಟೆ ಗೀಚಿಹೋಗುತ್ತೆ. ಧೂಳಿಲ್ಲದ ಕೋಣೆಯಲ್ಲಿ ಬಿಚ್ಚಿ ಫೈಲು ತೆಗೆದುಕೊಡೋ ಡೇಟಾ ಲ್ಯಾಬಿಗೇ ಕಳಿಸ್ಬೇಕು. ನೀವು ಎಷ್ಟು ಸಲ ಆನ್ ಮಾಡಿದ್ರಿ?"

"ಒಂದೆರಡು ಸಲ."

"ಹನ್ನೊಂದು," ಎಂದರು ಬಾಗಿಲಲ್ಲಿ ನಿಂತಿದ್ದ ನಮ್ಮವರು.

ಅವಳಿಗೂ ಬಾರದ ಕೆಲಸವೊಂದಿದೆ ಎಂದು ತಿಳಿದು ನಾನು ಒಳಗೊಳಗೇ ಹಿಗ್ಗಿದ್ದೆ. ಡಿಸ್ಕಿನಲ್ಲಿರುವುದು ನನ್ನದೇ ಅಳತೆಗಳು ಎಂಬುದು ಆಮೇಲೆ ಹೊಳೆದು, ಅವತ್ತೇ ಲ್ಯಾಬಿಗೆ ಕಳಿಸಲು ಅವಳಿಗೆ ಹೇಳಿದೆ.

ಲ್ಯಾಬಿನವರು ಆ ಮುಳ್ಳು ಬದಲಿಸಿ, ಓದಲು ಬಂದಷ್ಟನ್ನು ಬೇರೆ ಡಿಸ್ಕಿಗೆ ಇಳಿಸಿ, ಹತ್ತು ದಿನದ ಮೇಲೆ ಕಳಿಸಿದರು. ಎಲ್ಲ ತರಗತಿಗಳ ಫೈಲೂ ಬಂತು, ಮೂರನೇ ತರಗತಿಯದು ಬಿಟ್ಟು. ಮೊದಲ ಸದ್ದಿಗೇ ಆಫ್ ಮಾಡಿದ್ದರೆ ಬಹುಶಃ ಅದೂ ಸಿಗುತ್ತಿತ್ತಂತೆ.

ಶಾಲೆ ತೆರೆದ ದಿನ ಎಲ್ಲರೂ ಹೊಸ ಸಮವಸ್ತ್ರದಲ್ಲಿ ಸಾಲಾಗಿ ನಿಂತಿದ್ದರು. ಮೂರನೇ ತರಗತಿಯ ನಲವತ್ತಮೂರು ಮಕ್ಕಳು ಮಾತ್ರ ಮನೆಯಿಂದ ಹಾಕಿಬಂದ ಬಣ್ಣದ ಬಟ್ಟೆಯಲ್ಲಿದ್ದರು. ಅವರನ್ನು ಶಾಲೆಯ ಜಗುಲಿಯ ಮೇಲೆ ನಿಲ್ಲಿಸಿಕೊಂಡು ಮತ್ತೆ ಟೇಪು ಹಿಡಿದೆ. ಅಂಗಡಿಗೆ ರಜೆ ಹಾಕಿ ಬಂದ ಓರಗಿತ್ತಿ ಪಕ್ಕದಲ್ಲಿ ಕೂತು ಬರೆದುಕೊಳ್ಳುತ್ತಿದ್ದಳು.

"ಆಂಟಿ, ನಮ್ಮ ಅಳತೆ ಆವಾಗ್ಲೇ ತಗೊಂಡಿದ್ರಲ್ಲ? ನಮ್ಮನ್ನ ಮಾತ್ರ ಯಾಕೆ ಬಿಟ್ರಿ?" ಎಂದು ಒಂದು ಹುಡುಗಿ ಕೇಳಿತು.

ನಾನು ಟೇಪಿನ ಅಂಕಿಯನ್ನೇ ನೋಡತೊಡಗಿದೆ. ಓರಗಿತ್ತಿಯೇ, "ಡಿಸ್ಕ್ ಕೆಟ್ಟುಹೋಗಿತ್ತು ಪುಟ್ಟಿ," ಎಂದಳು. ಹನ್ನೊಂದರ ಮಾತು ಎತ್ತಲಿಲ್ಲ. ಅವತ್ತು ನನಗಾದಷ್ಟು ನಾಚಿಕೆ ಹಿಂದೆಂದೂ ಆಗಿರಲಿಲ್ಲ.

ಈಗ ಪ್ರತಿ ಶನಿವಾರ ಎಲ್ಲ ಫೈಲುಗಳನ್ನೂ ಇನ್ನೊಂದು ಡಿಸ್ಕಿಗೆ ಇಳಿಸುತ್ತೇನೆ. ಒಮ್ಮೆ ತೆರೆದು ನೋಡಿ, ಅವಳ ಮನೆಯಲ್ಲಿ ಇಟ್ಟು ಬರುತ್ತೇನೆ. ಅತ್ತೆಯೂ ತಮ್ಮ ಫೋಟೋಗಳನ್ನು ಅದರಲ್ಲಿ ಹಾಕಿಸಿದ್ದಾರೆ. ಅವಳನ್ನು ಕಂಡರೆ ಹೊಟ್ಟೆಕಿಚ್ಚು ಪೂರ್ತಿ ಆರಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಲ್ಯಾಪ್‌ಟಾಪ್ ಟಕ್ ಟಕ್ ಎಂದರೆ ತಕ್ಷಣ ಆಫ್ ಮಾಡಿ. ಗುದ್ದಬೇಡಿ, ಫ್ರೀಜರ್‌ಗೆ ಹಾಕಬೇಡಿ, ಮತ್ತೆ ಮತ್ತೆ ಆನ್ ಮಾಡಬೇಡಿ. ಅದು ಚೆನ್ನಾಗಿರುವಾಗಲೇ ಫೈಲುಗಳ ಇನ್ನೊಂದು ಕಾಪಿ ಮಾಡಿ ಬೇರೆ ಕಡೆ ಇಡಿ. ಗೊತ್ತಿಲ್ಲದಿದ್ದರೆ ಗೊತ್ತಿರುವವರನ್ನು ಕರೆಯಿರಿ. ಹೊಟ್ಟೆ ಉರಿದುಕೊಂಡೇ ಕರೆಯಿರಿ, ಪರವಾಗಿಲ್ಲ. ಆದರೆ ಮೊದಲ ಸದ್ದಿಗೇ ಕರೆಯಿರಿ.