ಅತ್ತೆ ನೋಡದ ಪರದೆ

ಸದ್ದನ್ನು ನಾನು ಮೊದಲನೆಯ ದಿನವೇ ತೆಗೆದುಹಾಕಿದೆ. ತೆಗೆ ಎಂದು ಯಾರೂ ಹೇಳಿರಲಿಲ್ಲ. ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡೇ ತೆಗೆದೆ.

ದೊಡ್ಡಪ್ಪನದು ಕನ್ನಡಕದ ಗಾಜು ಉಜ್ಜುವ ಕಾರ್ಖಾನೆ. ಕಾರ್ಖಾನೆ ಎಂದರೆ ಮೂರು ಕೋಣೆ, ಅಷ್ಟೇ. ಹಿಂದಿನದರಲ್ಲಿ ಉಜ್ಜುವ ಚಕ್ರಗಳು, ನಡುವಿನದರಲ್ಲಿ ಗಾಜು ತೊಳೆದು ಒರೆಸಿ ಲಕೋಟೆಗೆ ಹಾಕುವ ಉದ್ದನೆಯ ಮೇಜು, ಬೀದಿಯ ಕಡೆಯ ಕೋಣೆಯಲ್ಲಿ ಅತ್ತೆ. ಕನ್ನಡಕದ ಅಂಗಡಿಗಳಿಂದ ಚೀಟಿಗಳು ಬರುತ್ತವೆ. ಬಲಗಣ್ಣಿನ ಪವರ್ ಎಷ್ಟು, ಎಡಗಣ್ಣಿನದು ಎಷ್ಟು, ಗಾಜನ್ನು ಎಷ್ಟು ಡಿಗ್ರಿ ತಿರುಗಿಸಿ ಕೂರಿಸಬೇಕು, ಎಲ್ಲವೂ ಅಂಕಿಗಳಲ್ಲಿ. ಅತ್ತೆ ಅವನ್ನು ಕಂಪ್ಯೂಟರಿನಲ್ಲಿ ಹೊಡೆಯುತ್ತಾಳೆ. ಹೊಡೆದದ್ದು ಹಿಂದಿನ ಕೋಣೆಯಲ್ಲಿ ಅಚ್ಚಾಗಿ ಬರುತ್ತದೆ, ಅದನ್ನು ನೋಡಿಕೊಂಡು ಗಾಜು ಉಜ್ಜುತ್ತಾರೆ. ದೊಡ್ಡಪ್ಪನಿಗೂ ನನ್ನ ಅಪ್ಪನಿಗೂ ಒಬ್ಬಳೇ ತಂಗಿಯಾದ ಅತ್ತೆ ಇಪ್ಪತ್ತೆರಡು ವರ್ಷದಿಂದ ಆ ಕುರ್ಚಿಯಲ್ಲಿ ಕೂತಿದ್ದಾಳೆ. ಆ ಕುರ್ಚಿಯ ಮೇಲೆ ಬೇರೆ ಯಾರಾದರೂ ಕೂತರೆ ಕುರ್ಚಿಯೇ ಬೇಸರಪಟ್ಟುಕೊಂಡ ಹಾಗೆ ಕಿರುಗುಟ್ಟುತ್ತದೆ.

ಅವಳ ಮುಂದಿದ್ದ ಹಳೆಯ ಪರದೆ ಮುಂದಕ್ಕೆ ಉಬ್ಬಿದ ಗಾಜಿನದು. ಕಪ್ಪು ಹಿನ್ನೆಲೆ, ಜೇನಿನ ಬಣ್ಣದ ಅಕ್ಷರ. ಅದು ಈಚೆಗೆ ಮಂಜಾಗುತ್ತಾ ಬಂದಿತ್ತು. ಊರಿಗೆಲ್ಲ ಕನ್ನಡಕ ಕೊಡುವವರ ಮನೆಯಲ್ಲೇ ಕಣ್ಣು ಹೋಗಿದೆ ನೋಡಿ ಎಂದು ಗಾಜು ಉಜ್ಜುವ ಮೇಷ್ಟ್ರು ನಗುತ್ತಿದ್ದರು. ದೊಡ್ಡಪ್ಪ ಹೊಸ ಕಂಪ್ಯೂಟರ್ ತರಿಸಿದರು. ಆದರೆ ಲೆಕ್ಕವಿಡುವ ಹಳೆಯ ಯಂತ್ರ ಹಿಂದಿನ ಕೋಣೆಯ ಕಬ್ಬಿಣದ ಕಪಾಟಿನಲ್ಲಿದೆ, ಅದಕ್ಕೆ ಹಳೆಯ ಪರದೆಯ ಭಾಷೆ ಮಾತ್ರ ಗೊತ್ತು. ಹಾಗಾಗಿ ಹೊಸದರಲ್ಲಿ ಟರ್ಮಿನಲ್ ಎಮ್ಯುಲೇಟರ್ ಎಂಬ ಒಂದು ಪ್ರೋಗ್ರಾಂ ಹಾಕಬೇಕಾಯಿತು. ಹೆಸರು ದೊಡ್ಡದು. ಮಾಡುವುದಿಷ್ಟೇ: ಹೊಸ ಕಂಪ್ಯೂಟರಿನ ಒಳಗೆ ಹಳೆಯ ಪರದೆಯ ವೇಷ ಹಾಕಿಕೊಂಡು ಕೂರುವುದು. ವೇಷ ತೊಡಿಸುವ ಕೆಲಸ ನನ್ನ ಪಾಲಿಗೆ ಬಂತು. ತತ್ತ್ವಶಾಸ್ತ್ರದಲ್ಲಿ ಎಂ.ಎ. ಮಾಡಿ ಎರಡು ವರ್ಷದಿಂದ ಮನೆಯಲ್ಲಿ ಪುಸ್ತಕ ಹಿಡಿದು ಕೂತವಳಿಗೆ ಏನಾದರೊಂದು ಕೆಲಸ ಕೊಡಬೇಕೆಂದು ಅಪ್ಪನೂ ದೊಡ್ಡಪ್ಪನೂ ಮಾತಾಡಿಕೊಂಡಿದ್ದರು. ಕಾಲೇಜಿನ ಗ್ರಂಥಾಲಯದಲ್ಲಿ ನಾನು ಇಂಥದೇ ಪರದೆಯ ಮುಂದೆ ಒಂದು ವರ್ಷ ಪುಸ್ತಕಗಳ ಪಟ್ಟಿ ಮಾಡಿದ್ದೆ. ಅದೇ ಅರ್ಹತೆ.

ದೊಡ್ಡಪ್ಪ ಒಂದು ಷರತ್ತನ್ನೂ ಹಾಕಿದರು. ಹೊರಗಿನ ಒಂದು ಕಂಪನಿ ಅಂಗಡಿಗಳಿಂದ ಚೀಟಿಯ ಫೋಟೋ ತರಿಸಿಕೊಂಡು ತಾನೇ ಹೊಡೆದು ಕಳಿಸುತ್ತೇನೆಂದು ಮೂರು ಸಲ ಬಂದು ಕೇಳಿತ್ತು. ಅತ್ತೆಗೆ ಹೊಸದರಲ್ಲಿ ಒಂದು ವಾರ ಅಭ್ಯಾಸ. ಶನಿವಾರ ಮಧ್ಯಾಹ್ನದೊಳಗೆ ಅರವತ್ತು ಚೀಟಿ ಒಂದೂ ತಪ್ಪಿಲ್ಲದೆ ಆಗಬೇಕು. ಆಗದಿದ್ದರೆ ಆ ಕೆಲಸ ಹೊರಗಿನವರಿಗೆ, ಅತ್ತೆ ಲಕೋಟೆಯ ಮೇಜಿಗೆ.

“ಗೋಂದು ಹಚ್ಚೋಕೆ ನನ್ನನ್ನ ಕೂರಿಸ್ತೀಯಾ ಅಣ್ಣ?” ಎಂದಳು ಅತ್ತೆ. “ಹಚ್ತೀನಿ ಬಿಡು. ಮೊದ್ಲು ನಿನ್ನ ಬಾಯಿಗೆ.”

ದೊಡ್ಡಪ್ಪ ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಅವರ ಮನಸ್ಸು ಆಗಲೇ ಅರ್ಧ ಆ ಕಡೆ ವಾಲಿತ್ತೆಂದು ನನಗೆ ಅನ್ನಿಸಿತು.

ನಾನು ಸೆಟ್ಟಿಂಗ್ಸ್ ತೆರೆದು ಕೂತೆ. ಮೊದಲು ಕಂಡದ್ದು ಸದ್ದು. ತಪ್ಪು ಅಂಕಿ ಹೊಡೆದರೆ ಹೊಸ ಕಂಪ್ಯೂಟರು ತಟ್ಟೆ ಬಿದ್ದ ಹಾಗೆ ಢಣ್ ಎನ್ನುತ್ತಿತ್ತು. ಮನೆಯಲ್ಲಿ ಯಾರಾದರೂ ಬಾಗಿಲು ದಡಾರೆಂದು ಹಾಕಿಕೊಂಡರೆ ನನಗೆ ಅರ್ಧ ದಿನ ಓದಲಾಗುವುದಿಲ್ಲ. ಹಿಂದಿನ ಕೋಣೆಯ ಚಕ್ರಗಳ ಮೊರೆತ ಕೇಳಿಕೊಂಡೇ ಇಪ್ಪತ್ತೆರಡು ವರ್ಷ ಕಳೆದವಳಿಗೆ ಇದೊಂದು ಕಾಟ ಯಾಕೆ? ಸದ್ದು ಬೇಡ, ಅದರ ಬದಲು ಪರದೆ ಒಮ್ಮೆ ಮಿಂಚಲಿ ಎಂಬ ಆಯ್ಕೆಯೂ ಅಲ್ಲಿತ್ತು. ಅದನ್ನು ಗುರುತು ಮಾಡಿ, ಒಂದು ನಾಗರಿಕ ಕೆಲಸ ಮಾಡಿದೆ ಎಂದು ಮನಸ್ಸಿನಲ್ಲೇ ಬೆನ್ನು ತಟ್ಟಿಕೊಂಡೆ.

ಆಮೇಲೆ ಕೀಲಿಗಳ ಗಲಾಟೆ. ಅಂಕಿ ಅಳಿಸುವ ಕೀಲಿ ಒತ್ತಿದರೆ ಅಳಿಸುವ ಬದಲು ಇನ್ನೆರಡು ವಿಚಿತ್ರ ಚಿಹ್ನೆ ಮೂಡುತ್ತಿದ್ದವು. ಚೀಟಿ ಮುಗಿಸಿ ಒಳಗೆ ಕಳಿಸಲು ಅತ್ತೆ ಎಫ್-ಹತ್ತು ಒತ್ತಿದರೆ ಕರ್ಸರು ಮೇಲಿನ ಮೆನುವಿಗೆ ಹಾರಿ ಅಲ್ಲೇ ಕೂರುತ್ತಿತ್ತು. ಬಲಗಡೆಯ ಅಂಕಿಗಳ ಗುಂಪಂತೂ ಅಂಕಿಯನ್ನೇ ಕೊಡುತ್ತಿರಲಿಲ್ಲ. ಏಳು ಒತ್ತಿದರೆ ಒಂದು ಇಂಗ್ಲಿಷ್ ಅಕ್ಷರ, ಎಂಟು ಒತ್ತಿದರೆ ಇನ್ನೊಂದು. “ಇದು ನನ್ನ ಜೊತೆ ಮಾತಾಡ್ತಿದೆ ಕಣೇ, ನೀನೂ ಕಲ್ತ್ಕೋ,” ಎಂದು ಅತ್ತೆ ನನ್ನ ತಲೆಗೆ ಮೊಟಕಿದಳು. ಸೋಮವಾರವೂ ಮಂಗಳವಾರವೂ ನಾನು ಒಂದೊಂದೇ ಕೀಲಿಯನ್ನು ದಾರಿಗೆ ತಂದೆ. ಮೆನುವಿನಿಂದ ಎಫ್-ಹತ್ತನ್ನು ಬಿಡಿಸಿಕೊಂಡೆ. ಅಳಿಸುವ ಕೀಲಿ ಹಳೆಯ ಯಂತ್ರಕ್ಕೆ ಅರ್ಥವಾಗುವ ಸಂಕೇತವನ್ನೇ ಕಳಿಸುವಂತೆ ಮಾಡಿದೆ. ಅಂಕಿಗಳು ಅಂಕಿಗಳಾದವು.

ಬುಧವಾರವೆಲ್ಲ ಬಣ್ಣಕ್ಕೆ ಹೋಯಿತು. ಹಳೆಯ ಪರದೆಯ ಜೇನುಬಣ್ಣ ಸಿಗಲು ಹದಿನಾಲ್ಕು ಸಲ ಪ್ರಯತ್ನಿಸಿದೆ. ಒಂದು ಕಿತ್ತಳೆಯಾಯಿತು, ಒಂದು ಸಾಸಿವೆಯಾಯಿತು. ಸೊನ್ನೆಗೂ ಇಂಗ್ಲಿಷಿನ ಓ ಅಕ್ಷರಕ್ಕೂ ಗೊಂದಲವಾಗದಿರಲೆಂದು ಸೊನ್ನೆಯ ಹೊಟ್ಟೆಗೆ ಅಡ್ಡಗೆರೆ ಇರುವ ಅಕ್ಷರಶೈಲಿಯನ್ನು ಹುಡುಕಿದೆ. ಕರ್ಸರು ಮಿನುಗುವುದನ್ನು ನಿಲ್ಲಿಸಿ ಅದನ್ನು ತುಂಬಿದ ಚೌಕ ಮಾಡಿದೆ. ಸಾಲುಗಳ ನಡುವಿನ ಜಾಗವನ್ನು ಕೂದಲೆಳೆಯಷ್ಟು ಹೆಚ್ಚಿಸಿ, ತಗ್ಗಿಸಿ, ಮತ್ತೆ ಹೆಚ್ಚಿಸಿದೆ. ಅದರಲ್ಲಿ ನನಗೆ ಬಹಳ ಸುಖ ಸಿಕ್ಕಿತು. ಯಾರ ಜೊತೆಯೂ ಮಾತಾಡದೆ ಯಾರಿಗೋ ಒಳ್ಳೆಯದು ಮಾಡುವ ಅವಕಾಶ ಬದುಕಿನಲ್ಲಿ ಎಷ್ಟು ಸಲ ಬರುತ್ತದೆ? ಅತ್ತೆಯನ್ನು ಕರೆದು ತೋರಿಸಿದೆ. ಚೆನ್ನಾಗಿದೆ ಎಂದಳು, ಕಿಟಕಿಯ ಆಚೆ ನೋಡುತ್ತ.

ಆದರೂ ತಪ್ಪುಗಳು ಬರುತ್ತಲೇ ಇದ್ದವು. ದಿನಕ್ಕೆ ನಾಲ್ಕು, ಐದು. ಕೆಲವನ್ನು ಮೇಷ್ಟ್ರೇ ಹಿಡಿದು ಅಚ್ಚಾದ ಕಾಗದವನ್ನು ಬೀಸಿಕೊಂಡು ಬರುತ್ತಿದ್ದರು. “ಮೌನಗೌರಿಯಮ್ಮ, ಇಂಥ ಕಣ್ಣಿರೋ ಮನುಷ್ಯ ಇನ್ನೂ ಹುಟ್ಟಿಲ್ಲ. ಹುಟ್ಟಿದ್ಮೇಲೆ ಉಜ್ಜಿ ಕೊಡ್ತೀನಿ.” ನನಗೆ ಅವರಿಟ್ಟ ಹೆಸರು ಅದು. ಹಿಡಿಯದೆ ಹೋದ ಒಂದು ಜೊತೆ ಗಾಜು ಒಬ್ಬ ದರ್ಜಿಯ ಮೂಗಿನ ಮೇಲೆ ಕೂತು ಗುರುವಾರ ನಮ್ಮ ಬಾಗಿಲಿಗೆ ವಾಪಸು ಬಂತು. ಎಡಗಣ್ಣಿನ ಪವರ್ ಬಲಗಣ್ಣಿಗೆ ಬಂದಿತ್ತು. ದರ್ಜಿ ಕೂಗಾಡಲಿಲ್ಲ. ದೊಡ್ಡಪ್ಪನ ಭುಜದ ಅಳತೆ ಕೇಳಿದರು. ಎರಡು ತೋಳೂ ಬಲಗಡೆಗೇ ಇರುವ ಒಂದು ಶರ್ಟು ಹೊಲಿದು ಕೊಡುತ್ತೇನೆ, ಬಿಟ್ಟಿ, ಎಂದರು. ಎಲ್ಲರೂ ನಕ್ಕರು. ದೊಡ್ಡಪ್ಪನೂ ನಕ್ಕರು. ನಕ್ಕು ಮುಗಿಸಿ, ಹೊರಗಿನ ಕಂಪನಿಯವರಿಗೆ ಫೋನ್ ಮಾಡಿ ಸೋಮವಾರ ಬನ್ನಿ ಎಂದರು.

ಅತ್ತೆ ಆ ದಿನ ಊಟದ ಡಬ್ಬಿ ತೆರೆಯಲಿಲ್ಲ. ತನಗೆ ವಯಸ್ಸಾಯಿತೇನೋ ಎಂದು ಒಮ್ಮೆ ಮೆಲ್ಲಗೆ ಕೇಳಿದಳು. ಅವಳು ಹಾಗೆ ಮೆಲ್ಲಗೆ ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಚಕ್ರಗಳು ಶುರುವಾಗುವ ಮುಂಚೆಯೇ ಇಬ್ಬರೂ ಬಂದೆವು. ಹಳೆಯದರಲ್ಲಿ ಅವಳ ಬೆರಳು ಹೇಗೆ ಓಡುತ್ತದೋ ನೋಡಿದರೆ ನಾನು ಯಾವ ಕೀಲಿಯನ್ನು ಮರೆತಿದ್ದೇನೆಂದು ಗೊತ್ತಾಗಬಹುದು ಎಂದು ನನ್ನ ಯೋಚನೆ. ಲಕೋಟೆ ಮೇಜಿನ ಕೆಳಗಿದ್ದ ಹಳೆಯ ಪರದೆಯನ್ನು ಅದರ ಕೀಲಿಮಣೆಯ ಸಮೇತ ಹೊತ್ತು ತಂದು ತಂತಿ ಸಿಕ್ಕಿಸಿದೆ. ಅದು ಹತ್ತಿಕೊಂಡಿತು, ಆದರೆ ಮಧ್ಯದಲ್ಲಿ ಮಸುಕಾದ ಒಂದು ಪಟ್ಟಿ ಬಿಟ್ಟರೆ ಏನೂ ಇಲ್ಲ. ಒಂದು ಅಕ್ಷರವನ್ನೂ ಓದಲಾಗುತ್ತಿರಲಿಲ್ಲ. ಇದರಿಂದ ಪ್ರಯೋಜನವಿಲ್ಲ ಎಂದು ತಂತಿ ಕೀಳಲು ಹೋದೆ.

“ಇರ್ಲಿ ಬಿಡು. ಹೋದ ತಿಂಗ್ಳೂ ಹೀಗೇ ಇತ್ತು. ಚೀಟಿ ತಾ,” ಎಂದಳು ಅತ್ತೆ.

ಹತ್ತು ಚೀಟಿ ಕೊಟ್ಟೆ. ಅವಳ ಕಣ್ಣು ಚೀಟಿಯ ಮೇಲೆ, ಬಲಗೈ ಅಂಕಿಗಳ ಮೇಲೆ. ಮೂರನೆಯ ಚೀಟಿಯಲ್ಲಿ ಹಳೆಯ ಪರದೆ ಟುಕ್ ಎಂದಿತು. ಯಾರೋ ಬೆರಳಿನ ಗೆಣ್ಣಿನಿಂದ ಮರದ ಪೆಟ್ಟಿಗೆಯನ್ನು ಒಮ್ಮೆ ತಟ್ಟಿದಷ್ಟು ಸಣ್ಣ ಸದ್ದು. ಅತ್ತೆಯ ಕೈ ನಿಂತಿತು, ಹೊಡೆದದ್ದನ್ನು ಅಳಿಸಿತು, ಚೀಟಿಯನ್ನು ಮಗುಚಿ ಎಡಕ್ಕಿಟ್ಟಿತು, ಮುಂದಿನದನ್ನು ಎತ್ತಿಕೊಂಡಿತು. ಏಳನೆಯದರಲ್ಲಿ ಮತ್ತೆ ಟುಕ್. ಮತ್ತೆ ಹಾಗೆಯೇ. ಹಿಂದಿನ ಕೋಣೆಗೆ ಓಡಿ ಅಚ್ಚಾದ ಕಾಗದ ನೋಡಿದೆ. ಎಂಟು ಚೀಟಿ, ಎಂಟೂ ಸರಿ.

“ಅತ್ತೆ, ಮೂರನೇದನ್ನ ಯಾಕೆ ಬದಿಗಿಟ್ಟೆ?”

“ಅದ್ರಲ್ಲಿ ಪ್ಲಸ್ಸೋ ಮೈನಸ್ಸೋ ಬರ್ದೇ ಇಲ್ಲ ನೋಡು. ಅಂಗಡಿಯವ್ರನ್ನ ಕೇಳ್ಬೇಕು.”

“ಬರ್ದಿಲ್ಲ ಅಂತ ನಿಂಗೆ ಹೇಗೆ ಗೊತ್ತಾಯ್ತು?”

“ಹೇಗೆ ಅಂದ್ರೆ? ಗೊತ್ತಾಯ್ತು.”

“ಸದ್ದು ಕೇಳಿಸ್ತಾ?”

“ಯಾವ ಸದ್ದು? ಈ ಮಿಷನ್ನು ಸದ್ದೇ ಮಾಡಲ್ಲ ಕಣೇ. ಅದಕ್ಕೇ ನಂಗೆ ಇಷ್ಟ.”

ನಾನು ಬಗ್ಗಿ ಬೇಕೆಂದೇ ಚಿಹ್ನೆಯಿಲ್ಲದ ಒಂದು ಅಂಕಿ ಹೊಡೆದೆ. ಟುಕ್. ಅತ್ತೆ ಕೋಣೆಯಲ್ಲಿ ಹೊಸಬರು ಯಾರೋ ಬಂದ ಹಾಗೆ ಸುತ್ತ ನೋಡಿದಳು. ಇನ್ನೊಮ್ಮೆ ಹೊಡಿ ಎಂದಳು. ಹೊಡೆದೆ. “ಓ, ಇದಾ,” ಎಂದಳು.

ಯಂತ್ರ ಒಪ್ಪದ ಅಂಕಿ ಬಂದಾಗ ಕರ್ಸರು ಮುಂದೆ ಹೋಗುವುದಿಲ್ಲ. ಹೊಸದರಲ್ಲಿ ಪರದೆ ಮಿಂಚುತ್ತಿತ್ತು, ನಿಜ. ಅತ್ತೆ ಪರದೆಯನ್ನು ನೋಡಿದ್ದರೆ ತಾನೆ? ಅವಳು ಮುಂದಿನ ಅಂಕಿ ಹೊಡೆಯುತ್ತಿದ್ದಳು, ಅದು ಪರದೆಯಲ್ಲಿ ಹಿಂದಿನ ಅಂಕಿಯ ಮನೆಗೇ ಬೀಳುತ್ತಿತ್ತು, ಅಲ್ಲಿಂದ ಎಲ್ಲವೂ ಒಂದೊಂದು ಮನೆ ಜಾರಿ ಎಡಗಣ್ಣಿನದು ಬಲಗಣ್ಣಿಗೆ ಬರುತ್ತಿತ್ತು. ಅವಳು ಎಂದೂ ನೋಡದ ಪರದೆಗೆ ನಾನು ಒಂದಿಡೀ ದಿನ ಬಣ್ಣ ಬಳಿದಿದ್ದೆ. ಅವಳು ಕೇಳುತ್ತಿದ್ದ ಒಂದೇ ಒಂದು ಮಾತನ್ನು ಕಿತ್ತುಹಾಕಿದ್ದೆ. ಮೌನದ ಬಗ್ಗೆ ನನಗೆ ತಿಳಿದಿದೆ ಎಂಬ ಜಂಬ ನನಗಿತ್ತು. ಒಂದು ಸದ್ದಿನ ಜೊತೆ ಇಪ್ಪತ್ತೆರಡು ವರ್ಷ ಬಾಳಿ, ಅದು ಸದ್ದೆಂದೇ ತಿಳಿಯದೆ ಕೂತವಳ ಮುಂದೆ ಆ ಜಂಬ ತಣ್ಣಗಾಯಿತು.

ಹೇಳಿಕೊಳ್ಳುವುದು ಮಾತ್ರ ಕಷ್ಟವಾಯಿತು. ದೊಡ್ಡಪ್ಪ ಬಂದು ಅಂಗಿಯ ತೋಳು ಮಡಿಸಿಕೊಳ್ಳುತ್ತಿದ್ದಾಗ ಹೋಗಿ ನಿಂತೆ. ತಪ್ಪು ಅತ್ತೆಯದಲ್ಲ, ಸದ್ದು ತೆಗೆದವಳು ನಾನು, ಯಾರನ್ನೂ ಕೇಳದೆ ತೆಗೆದೆ ಎಂದೆ. ಇಷ್ಟನ್ನು ಹೇಳಲು ಮೂರು ಸಲ ಶುರುಮಾಡಬೇಕಾಯಿತು. ದೊಡ್ಡಪ್ಪ ಪೂರ್ತಿ ಕೇಳಿಸಿಕೊಂಡರು. ಶನಿವಾರದ ಪರೀಕ್ಷೆ ಇದ್ದೇ ಇದೆ, ಅದರಲ್ಲಿ ನೋಡೋಣ ಎಂದಷ್ಟೇ ಹೇಳಿ ಒಳಗೆ ಹೋದರು. ಮೇಷ್ಟ್ರು ಮಾತ್ರ ಬಿಡಲಿಲ್ಲ. ಗೌರಮ್ಮ ಬಾಯಿ ಬಿಟ್ಟರೆ ಇಷ್ಟೆಲ್ಲ ಹೊರಗೆ ಬರುತ್ತದೆಂದು ಗೊತ್ತಿದ್ದರೆ ಸೋಮವಾರವೇ ಕಚಗುಳಿ ಇಡುತ್ತಿದ್ದೆ ಎಂದರು.

ಉಳಿದ ಹೊತ್ತೆಲ್ಲ ಸದ್ದು ಹುಡುಕಿದೆವು. ಕಂಪ್ಯೂಟರಿನಲ್ಲಿದ್ದ ಸದ್ದುಗಳನ್ನು ಒಂದೊಂದಾಗಿ ಕೇಳಿಸಿದೆ. ಒಂದು ಕಪ್ಪೆಯಂತಿದೆ, ಇನ್ನೊಂದು ಯಾರನ್ನೋ ಕರೆದಂತಿದೆ, ಮತ್ತೊಂದು ಬೈದಂತಿದೆ ಎಂದು ಅತ್ತೆ ಎಲ್ಲವನ್ನೂ ತಿರಸ್ಕರಿಸಿದಳು. ಕೊನೆಗೆ ಹಳೆಯ ಪರದೆಯ ಪಕ್ಕ ಮೊಬೈಲ್ ಇಟ್ಟು ಅದರ ಟುಕ್ ಅನ್ನೇ ರೆಕಾರ್ಡ್ ಮಾಡಿ, ಸೆಟ್ಟಿಂಗ್ಸಿನಲ್ಲಿ ಆ ಫೈಲನ್ನು ತೋರಿಸಿದೆ. ಅತ್ತೆ ಐದು ಚೀಟಿ ಹೊಡೆದಳು. ಹೇಗಿದೆ ಸದ್ದು ಎಂದು ಕೇಳಿದೆ.

“ಯಾವ್ದು?” ಎಂದಳು. ಆಮೇಲೆ ನನ್ನ ಮುಖ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಶನಿವಾರ ಅರವತ್ತನೆಯ ಚೀಟಿ ಮುಗಿದಾಗ ಮಧ್ಯಾಹ್ನಕ್ಕೆ ಇನ್ನೂ ಇಪ್ಪತ್ತು ನಿಮಿಷವಿತ್ತು. ದೊಡ್ಡಪ್ಪ ಅಚ್ಚಾದ ಕಾಗದಗಳನ್ನೂ ಚೀಟಿಗಳನ್ನೂ ಲಕೋಟೆಯ ಮೇಜಿನ ಮೇಲೆ ಹರಡಿಕೊಂಡು ಒಂದೊಂದನ್ನೂ ತಾಳೆ ನೋಡಿದರು. ಐವತ್ತರವರೆಗೆ ತಲೆ ಆಡಿಸುತ್ತಾ ಹೋದವರು ಐವತ್ತೊಂದನೆಯದರಲ್ಲಿ ನಿಂತರು.

“ಒಂದಿದೆ,” ಎಂದರು. ಚೀಟಿಯಲ್ಲಿ ಬಲಗಣ್ಣಿನ ಗಾಜು ಎಪ್ಪತ್ತೊಂದು ಡಿಗ್ರಿ. ಅಚ್ಚಾದದ್ದು ಹದಿನೇಳು. ಎರಡನ್ನೂ ಯಂತ್ರ ಒಪ್ಪುತ್ತದೆ. ಇದಕ್ಕೆ ಸದ್ದು ಬರುವುದಿಲ್ಲ.

ಹಿಂದಿನ ಕೋಣೆಯಲ್ಲಿ ಮೇಷ್ಟ್ರು ಚಕ್ರ ನಿಲ್ಲಿಸಿದರು. ಅತ್ತೆ ಎದ್ದು ಬಂದು ಚೀಟಿಯನ್ನು ಕೈಗೆ ತೆಗೆದುಕೊಂಡಳು.

“ಇದು ಗಡಿಯಾರ ರಿಪೇರಿಯವ್ರದು. ಇವ್ರ ಬಲಗಣ್ಣು ಹದಿನೇಳೇ ಅಣ್ಣ. ಹತ್ತು ವರ್ಷದಿಂದ ಹದಿನೇಳು. ಒಂದೆರಡು ಡಿಗ್ರಿ ಆಚೀಚೆ ಆಗ್ಬಹುದು, ಮಲ್ಗಿದ್ದ ಗಾಜು ಹೀಗೆ ಎದ್ದು ನಿಂತ್ಕೊಳ್ಳಲ್ಲ.”

“ಗೊತ್ತಿದ್ದೇ ಹೊಡೆದ್ಯಾ?”

ಅತ್ತೆ ಸುಳ್ಳು ಹೇಳಬಹುದಿತ್ತು. “ಇಲ್ಲ. ಹೆಸ್ರು ನೋಡ್ದೆ, ಕೈ ಹೊಡೀತು,” ಎಂದಳು.

ದೊಡ್ಡಪ್ಪ ನನ್ನ ಕಡೆ ತಿರುಗಿ ಅಂಗಡಿಗೆ ಫೋನ್ ಮಾಡು ಎಂದರು. ಅಪರಿಚಿತರ ಜೊತೆ ಫೋನಿನಲ್ಲಿ ಮಾತಾಡುವುದನ್ನು ನಾನು ಆದಷ್ಟು ತಪ್ಪಿಸಿಕೊಳ್ಳುತ್ತೇನೆ. ಮಾಡಿದೆ. ಅಂಗಡಿಯವರು ಡಾಕ್ಟರ ಕಾಗದ ಹುಡುಕಲು ಹೋದರು. ಡ್ರಾಯರು ಎಳೆದದ್ದು, ಕಾಗದ ಸರಿಸಿದ್ದು, ಅಲ್ಲಿ ಯಾರೋ ಕೆಮ್ಮಿದ್ದು ಎಲ್ಲ ಕೇಳಿಸಿತು. ಮೂರು ಜನ ನನ್ನ ಮುಖವನ್ನೇ ನೋಡುತ್ತಿದ್ದರು. ಅಂಗಡಿಯವರು ವಾಪಸು ಬಂದು ಕ್ಷಮೆ ಕೇಳಿದರು.

“ಹದಿನೇಳು,” ಎಂದೆ ನಾನು. ಬೀದಿಗೂ ಕೇಳಿಸಿರಬೇಕು.

ದೊಡ್ಡಪ್ಪ ಚೀಟಿಯ ಮೇಲೆ ಅಂಕಿ ತಿದ್ದಿ ಸಹಿ ಹಾಕಿದರು. ಉಳಿದ ಒಂಬತ್ತನ್ನೂ ಅವಸರವಿಲ್ಲದೆ ನೋಡಿ ಮುಗಿಸಿದರು. ಎಲ್ಲವೂ ಸರಿಯಿದ್ದವು. ಆಮೇಲೆ ಅತ್ತೆಗೆ ಹೇಳಿದರು, ಇನ್ನು ಮುಂದೆ ಅನುಮಾನ ಬಂದರೆ ಕೈಯ ಮಾತು ಕೇಳಬೇಡ, ನಿಲ್ಲಿಸಿ ಅಂಗಡಿಯವರನ್ನು ಕೇಳು. ಅದು ಸರಿಯಾದ ಮಾತು ಎಂದು ಅತ್ತೆ ಒಪ್ಪಿಕೊಂಡಳು. ಅವಳು ಅಣ್ಣನ ಮಾತನ್ನು ಒಂದೇ ಸಲಕ್ಕೆ ಒಪ್ಪಿದ್ದು ಕಂಡು ಮೇಷ್ಟ್ರು ಬಾಗಿಲಿಗೆ ಒರಗಿದರು.

ದೊಡ್ಡಪ್ಪ ಫೋನ್ ಎತ್ತಿಕೊಂಡು ಹೊರಗಿನ ಕಂಪನಿಯವರಿಗೆ ಬರುವುದು ಬೇಡ ಎಂದು ಹೇಳಿದರು. ಅವರೇನೋ ಬಹಳ ಹೊತ್ತು ಮಾತಾಡಿದರು. ದೊಡ್ಡಪ್ಪ ಹೂಂ, ಹೂಂ ಎನ್ನುತ್ತಾ ಕೇಳಿ, ಮತ್ತೆ ಬೇಡ ಎಂದರು.

“ಸೋಮವಾರ ಸ್ವಲ್ಪ ಬೇಗ ಬಾ,” ಎಂದರು ಅತ್ತೆಗೆ. “ಚೀಟಿ ಜಾಸ್ತಿ ಇರುತ್ತೆ.”

“ಬೇಗ ಅಂದ್ರೆ ಎಷ್ಟಕ್ಕೆ?” ಎಂದಳು ಅತ್ತೆ, ಊಟದ ಡಬ್ಬಿಯ ಮುಚ್ಚಳ ತೆಗೆಯುತ್ತಾ.