ಭಾಗ್ಯನಗರದ ಮುಳ್ಳುಹಣಿಗೆ

ನಾನೊಂದು ಹಣಿಗೆ. ಹಾಗೆಂದ ಕೂಡಲೇ ನಿಮ್ಮ ಕೈ ತಲೆಯ ಕಡೆ ಹೋಗುವುದು ಬೇಡ. ನನ್ನನ್ನು ನಿಮ್ಮ ತಲೆಗೆ ಹಾಕಿದರೆ ಕೂದಲಿನ ಜೊತೆ ಚರ್ಮವೂ ಬರುತ್ತದೆ. ಮೊಳದುದ್ದದ ಜಾಲಿ ಹಲಗೆ, ಅದರ ಮೇಲೆ ನೆಟ್ಟಗೆ ನಿಂತ ಐದು ಸಾಲು ಕಬ್ಬಿಣದ ಮುಳ್ಳು, ಇಷ್ಟೇ ನನ್ನ ಮೈ.

ಕೊಪ್ಪಳದ ದಾವಲಸಾಬನ ಕುಲುಮೆಯಲ್ಲಿ ನಾನು ಹುಟ್ಟಿದೆ. ಒಂದೊಂದು ಮುಳ್ಳನ್ನೂ ಕಾಯಿಸಿ, ಬಡಿದು, ತುದಿ ಚೂಪು ಮಾಡಿ ಹಲಗೆಗೆ ಹೊಡೆಯುವಾಗ ಅವನಿಗೆ ಅನುಮಾನ ಬಂತು.

"ಸಾವ್ಕಾರ್ರ, ಇದು ಯಾರ ತಲಿ ಬಾಚಾಕ್ರೀ? ರಾಕ್ಷಸರದೇನು?"

"ತಲೀನ ಇಲ್ಲದ ಕೂದಲಾ ಬಾಚಾಕಪ್ಪ," ಎಂದರು ಮಾಡಿಸಲು ಬಂದಿದ್ದ ಚನ್ನವೀರಪ್ಪ.

ತಮಾಷೆಗೆ ಅಂದದ್ದಲ್ಲ. ಅವರ ವ್ಯಾಪಾರವೇ ಅದು. ಕೊಪ್ಪಳದ ಮಗ್ಗುಲಲ್ಲೇ ಇರುವ ಭಾಗ್ಯನಗರದಲ್ಲಿ ಅವರದೊಂದು ಉದ್ದನೆಯ ತಗಡಿನ ಶೆಡ್ಡು. ಅಲ್ಲಿಗೆ ಚೀಲಗಟ್ಟಲೆ ಕೂದಲು ಬರುತ್ತಿತ್ತು. ಹೆಂಗಸರು ತಲೆ ಬಾಚುವಾಗ ಉದುರಿದ್ದು, ಹಣಿಗೆಯಲ್ಲಿ ಸಿಕ್ಕಿಕೊಂಡದ್ದು, ಕಿಟಕಿಯ ಸಂದಿಯಲ್ಲಿ ಸಿಕ್ಕಿಸಿಟ್ಟದ್ದು, ಗಟಾರದಿಂದ ಎತ್ತಿದ್ದು. ಓಣಿ ಓಣಿ ತಿರುಗುವವರು ಒಂದು ಸ್ಟೀಲ್ ಬಟ್ಟಲು, ನಾಲ್ಕು ಪಿನ್ನು ಕೊಟ್ಟು ಅದನ್ನು ಕೊಂಡು ತರುತ್ತಿದ್ದರು. ಶೆಡ್ಡಿನಲ್ಲಿ ನಲವತ್ತು ಹೆಂಗಸರು ಕಾಲು ಚಾಚಿ ಕೂತು ದಬ್ಬಣದಿಂದ ಆ ಗಂಟುಗಳನ್ನು ಬಿಡಿಸುತ್ತಿದ್ದರು. ತೊಳೆದು ಒಣಗಿಸಿದ ಮೇಲೆ ಅದು ನನ್ನ ಹತ್ತಿರ ಬರುತ್ತಿತ್ತು. ನನ್ನ ಮುಳ್ಳಿನ ನಡುವೆ ಎಳೆದು, ಉದ್ದದ್ದು ಬೇರೆ, ಗಿಡ್ಡದ್ದು ಬೇರೆ, ಬಿಳಿಯದು ಬೇರೆ ಮಾಡಿ, ರಬ್ಬರ್ ಹಾಕಿ ಕಟ್ಟು ಕಟ್ಟುತ್ತಿದ್ದರು. ಅಲ್ಲಿಂದ ಲಾರಿ, ಲಾರಿಯಿಂದ ಹಡಗು, ಹಡಗಿನಿಂದ ಚೀನಾ, ಚೀನಾದಿಂದ ನಾನು ಹೆಸರು ಕೇಳದ ಊರುಗಳ ತಲೆಗಳು.

ಗಂಟು ಬಿಡಿಸುವ ಕೆಲಸ ಎಂದರೆ ಹಗುರ ಎಂದುಕೊಂಡೀರಿ. ಒಂದು ಮುಷ್ಟಿ ಗಂಟು ಕೊಡುತ್ತೇನೆ, ಒಂದು ತಾಸು ಕೂತು ಬಿಡಿಸಿ. ಆಮೇಲೆ ನಿಮ್ಮ ಕಣ್ಣಿಗೆ ಎದುರಿನ ಗೋಡೆಯೂ ಗಂಟಾಗಿ ಕಾಣುತ್ತದೆ. ಮೂಗಿನಲ್ಲಿ ಕೂದಲು, ಊಟದ ಡಬ್ಬಿಯಲ್ಲಿ ಕೂದಲು, ಕೆಮ್ಮಿದರೆ ಕೂದಲು. ಈ ಹೆಂಗಸರು ಇದನ್ನು ವರ್ಷಗಟ್ಟಲೆ ಮಾಡಿದರು. ಪೇಟೆಯ ದೊಡ್ಡ ಕನ್ನಡಿಯ ಮುಂದೆ ಯಾವಳೋ ಆ ಕೂದಲು ಹಾಕಿಕೊಂಡು ತಿರುಗಿ ತಿರುಗಿ ನೋಡುವಾಗ ಇವರ ಕೆಮ್ಮು ಅವಳಿಗೆ ಕೇಳಿಸುತ್ತದೆಯೇ?

ನನ್ನ ಮುಂದೆ ಕೂರುತ್ತಿದ್ದವಳು ಹುಲಿಗೆವ್ವ. ಐವತ್ತು ದಾಟಿದ, ಅಗಲ ಹಣೆಯ, ಕಡಿಮೆ ಮಾತಿನ ಹೆಂಗಸು. ಹನ್ನೊಂದು ವರ್ಷ ನನ್ನೆದುರು ಕೂತಳು. ನನ್ನ ಮುಳ್ಳು ಅವಳ ಬೆರಳಿಗೆ ಎಷ್ಟು ಸಲ ನೆಟ್ಟಿದೆಯೋ ಲೆಕ್ಕವಿಲ್ಲ. ಆದರೂ ದಿನಾ ಕೂರುವ ಮೊದಲು ನನ್ನನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು. ಅವಳ ಪಕ್ಕದಲ್ಲಿ ದುರಗವ್ವ. ಅವಳಿಗಿಂತ ಹತ್ತು ವರ್ಷ ಚಿಕ್ಕವಳು, ಬಾಯಿ ಮಾತ್ರ ಹತ್ತು ಪಟ್ಟು ದೊಡ್ಡದು.

ಒಂದು ದಿನ ಚನ್ನವೀರಪ್ಪ ಎಲ್ಲರನ್ನೂ ಸೇರಿಸಿದರು. ದೂರದ ದೇಶದ ಒಂದು ದೊಡ್ಡ ಕಂಪನಿ ಚೀನಾದವರನ್ನು ಬಿಟ್ಟು ನೇರವಾಗಿ ತಮ್ಮಿಂದಲೇ ಮಾಲು ಕೊಳ್ಳಲು ಬರುತ್ತಿದೆ ಎಂದರು. ಬಂದು, ನೋಡಿ, ಒಪ್ಪಿದರೆ ನಲವತ್ತು ಮಂದಿಗೂ ವರ್ಷವಿಡೀ ಕೆಲಸ. ಒಪ್ಪದಿದ್ದರೆ ಶೆಡ್ಡಿಗೆ ಬೀಗ. ಗಂಟು ಬಿಡಿಸದ ಕೂದಲನ್ನೇ ಚೀಲಗಟ್ಟಲೆ ಬರ್ಮಾ ಗಡಿಯಾಚೆ ಕಳಿಸುವುದು, ಅಲ್ಲಿ ಇನ್ನೂ ಅಗ್ಗದ ಕೈಗಳಿವೆ.

"ಈಗ ಜಗತ್ತ ಒಂದು ಊರು ಆಗೇತ್ರವಾ," ಎಂದರು ಅವರು, ಎಲ್ಲೋ ಕೇಳಿ ಬಂದ ಭಾಷಣವನ್ನು ಒಪ್ಪಿಸುವಂತೆ.

ಹುಲಿಗೆವ್ವ ಕೈ ನಿಲ್ಲಿಸದೆಯೇ ಕೇಳಿದಳು: "ಹೌದ್ರೀ? ಹಂಗಾದ್ರ ಆ ಊರಿನ ಗೌಡ ಯಾರ್ರೀ?"

ಹೆಂಗಸರು ನಕ್ಕರು. ಚನ್ನವೀರಪ್ಪ ನಗಲಿಲ್ಲ.

ಮರುದಿನದಿಂದ ತಯಾರಿ. ಗೋಡೆಗೆ ಸುಣ್ಣ ಬಂತು. ಗಟಾರದ ಮಾಲಿನ ಚೀಲಗಳೆಲ್ಲ ಹಿಂದಿನ ಕೋಣೆಗೆ ಹೋದವು, ಕೋಣೆಗೆ ಬೀಗ ಬಿತ್ತು. ಹನ್ನೊಂದು ವರ್ಷ ಯಾರಿಗೂ ನೆನಪಾಗದಿದ್ದ ಮುಖಗವಸು, ಕೈಗವಸು ಒಂದೇ ದಿನ ಎಲ್ಲರಿಗೂ ಬಂದವು. ಎಲ್ಲರಿಗೂ ಒಂದೇ ಬಣ್ಣದ ಸೀರೆ. ಬಾಗಿಲ ಎದುರು ದೇವರ ಪಟ, ಅದರ ಮುಂದೆ ದೀಪ. ಆಮೇಲೆ ಪಾಠ ಶುರುವಾಯಿತು. ಯಾರಾದರೂ ಕೇಳಿದರೆ ಇದು ಭಕ್ತರು ಹರಕೆ ಹೊತ್ತು ದೇವರಿಗೆ ಕೊಟ್ಟ ಮುಡಿ ಎನ್ನಬೇಕು. ಆ ದೇಶದ ಹೆಂಗಸರಿಗೆ ಗಟಾರದ ಕೂದಲು ಬೇಡ, ಪೂಜೆಯ ಕೂದಲೇ ಬೇಕಂತೆ.

ದುರಗವ್ವನಿಗೆ ತಡೆಯಲಾಗಲಿಲ್ಲ. "ಸಾವ್ಕಾರ್ರ, ಹಿಂದಿನ ಕ್ವಾಣ್ಯಾಗ ಇರೂ ಚೀಲ ಎಲ್ಲಾ ಮುಡಿ ಅಂದ್ರ, ನಮ್ಮ ಜಿಲ್ಲಾದಾಗ ಒಬ್ಬಾಕಿ ತಲ್ಯಾಗೂ ಕೂದಲಾ ಇರಬಾರದಿತ್ತಲ್ರೀ!"

"ಏ ದುರಗವ್ವಾ, ನಿನ್ನ ಬಾಯಿಗೂ ಒಂದು ಬೀಗ ತರ್ಲೇನು? ಹುಲಿಗೆವ್ವಾ, ನೀ ಹಿರ್ಯಾಕಿ. ಮಾತಾಡೂದು ನೀನ. ಎಲ್ಲಾರ ಅನ್ನ ನಿನ್ನ ನಾಲಿಗಿ ಮ್ಯಾಲ ಐತಿ."

ನಲವತ್ತು ಮನೆಯ ಅನ್ನವನ್ನು ಒಂದು ಸುಳ್ಳಿನ ತಲೆಯ ಮೇಲೆ ಹೊರಿಸಿ, ಆ ಸುಳ್ಳನ್ನು ತಂದು ಒಬ್ಬ ಹೆಂಗಸಿನ ಬಾಯಿಗೆ ತುರುಕಿದ ಈ ಮನುಷ್ಯನ ಮೇಲೆ ನನಗೆ ಅಂದೇ ಸಿಟ್ಟು ಬಂತು. ನೀನು ಮಾರುವವನು, ನೀನು ಹೇಳು! ಹಣಿಗೆಯ ಮಾತು ಯಾರಿಗೆ ಕೇಳಬೇಕು.

ಅವರು ಬಂದರು. ಎತ್ತರದ, ತಿಳಿಗಣ್ಣಿನ ಮೇಡಮ್ಮು, ಕ್ಯಾಮೆರಾ ಹಿಡಿದ ಒಬ್ಬ, ಅವಳ ಮಾತನ್ನು ಕನ್ನಡಕ್ಕೆ ತಿರುಗಿಸಿ ಹೇಳಲು ಬೆಂಗಳೂರಿನ ಒಬ್ಬ ಕೋಟಿನವನು. ಮೇಡಮ್ಮು ಕೆಟ್ಟವಳಲ್ಲ. ಬಾಗಿಲಲ್ಲೇ ಚಪ್ಪಲಿ ಬಿಟ್ಟಳು, ಎಲ್ಲರಿಗೂ ಕೈ ಮುಗಿದಳು, ದೀಪದ ಮುಂದೆ ಕಣ್ಣು ಮುಚ್ಚಿ ನಿಂತಳು. ಹುಲಿಗೆವ್ವನೂ ಕೈ ಮುಗಿದಳು. ಕ್ಯಾಮೆರಾದವನು ಅದರ ಚಿತ್ರ ಹಿಡಿದುಕೊಂಡ. ಕೂದಲು ಯಾರದು ಎಂದು ಕೇಳಿದಾಗ ಹುಲಿಗೆವ್ವ ಕಲಿಸಿದ್ದನ್ನು ಹೇಳಿದಳು: "ದ್ಯಾವರ ಮುಡಿರಿ." ದನಿ ಎಷ್ಟು ಸಣ್ಣದಿತ್ತೆಂದರೆ ಕೋಟಿನವನು ಎರಡನೇ ಸಲ ಹೇಳಿಸಿದ.

ಆಮೇಲೆ ಕೆಲಸ ತೋರಿಸಲು ಹೇಳಿದರು. ಕೈಗವಸಿನಲ್ಲಿ ಎಳೆ ಹಿಡಿತಕ್ಕೆ ಬರದೆ ಅವಳು ಅದನ್ನು ತೆಗೆದಿಟ್ಟಳು, ಮುಖಗವಸನ್ನು ಗದ್ದಕ್ಕೆ ಇಳಿಸಿದಳು. ಒಂದು ಹಿಡಿ ಕೂದಲನ್ನು ನನ್ನ ಮೇಲೆ ಎಳೆದಳು, ಮತ್ತೆ ಎಳೆದಳು. ಕೈ ಸರಾಗವಾಗಿ ಓಡಿತು. ಮೇಡಮ್ಮಿನ ಮುಖದಲ್ಲಿ ಮೆಚ್ಚುಗೆ. ನನ್ನ ಮುಳ್ಳಿನಲ್ಲಿ ಉಳಿದ ಗಿಡ್ಡ ಎಳೆಗಳನ್ನು ಹುಲಿಗೆವ್ವ ಕಿತ್ತು ತೆಗೆದು, ಬೆರಳಿಗೆ ಸುತ್ತಿ, ಉಂಡೆ ಮಾಡಿ, "ಥೂ, ಥೂ, ಥೂ" ಎಂದು ಮೂರು ಸಲ ಉಗುಳಿ ಮೂಲೆಗೆ ಎಸೆದಳು.

ಹನ್ನೊಂದು ವರ್ಷದಿಂದ ಹಾಗೇ ಮಾಡುತ್ತಿದ್ದಳು. ಅವಳ ತಾಯಿ ಮಾಡಿದ್ದು, ಅಜ್ಜಿ ಮಾಡಿದ್ದು. ನಿಮ್ಮ ಮನೆಯಲ್ಲೂ ಮಾಡಿರುತ್ತಾರೆ.

ಮೇಡಮ್ಮು ಬೆಚ್ಚಿ ಏನೋ ಕೇಳಿದಳು. ಕೋಟಿನವನು ಬಗ್ಗಿದ. "ಯಾಕಮ್ಮ ಉಗುಳಿದ್ದು?"

"ಉದುರಿದ ಕೂದಲಾ ಹಂಗs ಒಗೀಬಾರದ್ರೀ. ಯಾರರ ಒಯ್ದು ಮಾಟ ಮಾಡಸ್ತಾರ. ಉಗುಳಿ ಒಗದ್ರ ಅದು ಯಾರಿಗೂ ನಾಟಂಗಿಲ್ಲ."

"ಅಲ್ಲಮ್ಮ, ದೇವರ ಮುಡಿ ಅಂದ್ರಿ. ದೇವರ ಮುಡಿಗೆ ಉಗುಳ್ತಾರಾ?"

ಹುಲಿಗೆವ್ವನ ಕೈ ನಿಂತಿತು. ಮಾಲೀಕನಿಗೆ ಸುಳ್ಳು ಹೇಳಿಕೊಡುವುದು ಗೊತ್ತಿತ್ತು, ಈ ಪ್ರಶ್ನೆ ಗೊತ್ತಿರಲಿಲ್ಲ. ಅವಳು ಪಟದ ಕಡೆ ನೋಡಿದಳು. ಎರಡೂ ಕೆನ್ನೆ ಬಡಿದುಕೊಂಡಳು.

"ಶಿವನs! ಮುಡಿಗೆ ಯಾರರ ಉಗುಳ್ತಾರೇನೋ ಯಪ್ಪಾ! ನನ್ನ ಬಾಯಾಗ ಹುಳಾ ಬೀಳತೈತಿ. ಇದು ಮುಡಿ ಅಲ್ಲೋ ತಮ್ಮಾ. ಇದು ನಮ್ಮ ನಿಮ್ಮಂಥಾರ ತಲ್ಯಾಗಿಂದು, ಹಣಗ್ಯಾಗ ಉದುರಿದ್ದು. ನಂದೂ ಇರತೈತಿ ಇದರಾಗ."

ಕೋಟಿನವನು ತಿರುಗಿಸಿ ಹೇಳಿದ. ಮೇಡಮ್ಮಿನ ಮುಖ ನಿಧಾನವಾಗಿ ಬಿಳಿಚಿತು. ಅವಳು ಕೂಗಾಡಲಿಲ್ಲ. ಕೈ ಮುಗಿದು, ಚಪ್ಪಲಿ ಮೆಟ್ಟಿ ಹೋದಳು. ಮೂರನೇ ದಿನ ಉತ್ತರ ಬಂತು: ನಂಬಿಕೆ ಇಲ್ಲದ ಕಡೆ ವ್ಯಾಪಾರವಿಲ್ಲ.

ಶೆಡ್ಡಿಗೆ ಬೀಗ ಬಿತ್ತು. ಚನ್ನವೀರಪ್ಪ ಎಲ್ಲರ ಮುಂದೆ ಹುಲಿಗೆವ್ವನಿಗೆ ಅಂದರು: "ಮೂವತ್ತೊಂಬತ್ತು ಮಂದಿ ಹೊಟ್ಟಿ ಮ್ಯಾಲ ಹೊಡದಿ ನೋಡು ನೀ." ಕೆಲವು ಹೆಂಗಸರು ಅವಳ ಜೊತೆ ಮಾತು ಬಿಟ್ಟರು. ನನ್ನಂಥ ಹಣಿಗೆಗಳನ್ನೆಲ್ಲ ಗುಜರಿಗೆ ಹಾಕಲು ಅಂಗಳದಲ್ಲಿ ಗುಡ್ಡೆ ಹಾಕಿದ್ದರು. ಹುಲಿಗೆವ್ವ ಬಂದು ನನ್ನನ್ನು ಗುರುತು ಹಿಡಿದು, ಕೇಳಿ, ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ಒಯ್ದಳು. ಅಲ್ಲಿ ನನಗೆ ಪುಂಡಿ ಗಿಡದ ನಾರು ಸಿಗಿಯುವ ಕೆಲಸ. ಅವಳು ಹಗ್ಗ ಹೊಸೆದು ಸಂತೆಗೆ ಕೊಡುತ್ತಿದ್ದಳು. ಆ ದುಡಿಮೆ ಅರ್ಧ ಹೊಟ್ಟೆಗೆ ಸಾಲುತ್ತಿತ್ತು. ಉಳಿದರ್ಧಕ್ಕೆ ಅವಳು ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಹೇಳಬಾರದಿತ್ತು, ನಾನು ಹೇಳಬಾರದಿತ್ತು ಎಂದು ನಾರು ಎಳೆದಾಗಲೆಲ್ಲ ಗೊಣಗುತ್ತಿದ್ದಳು.

ಒಂದು ಮಧ್ಯಾಹ್ನ ದುರಗವ್ವ ಓಡಿ ಬಂದಳು. ಕಾಲೇಜಿಗೆ ಹೋಗುವ ಅವಳ ಮಗಳು ಜೊತೆಗಿದ್ದಳು, ಕೈಯಲ್ಲಿ ಫೋನು.

"ಅಕ್ಕಾ, ನೀ ಫೋನಿನ್ಯಾಗ ಬಂದೀದಿ! ನೋಡಿಲ್ಲೆ!"

ಅದೇ ಕಂಪನಿಯ ಜಾಹೀರಾತು. ಕೂದಲಿನ ಹೊಳೆಯುವ ಕಟ್ಟುಗಳು, ಹಿಂದೆ ಯಾವುದೋ ಗುಡಿಯ ಗೋಪುರ, ನಡುವೆ ದೀಪದ ಮುಂದೆ ಕೈ ಮುಗಿದು ನಿಂತ ಹುಲಿಗೆವ್ವ. ಕೆಳಗೆ ಇಂಗ್ಲಿಷಿನಲ್ಲಿ ಬರೆದದ್ದನ್ನು ಹುಡುಗಿ ಓದಿ ಹೇಳಿದಳು: ಭಕ್ತಿಯಿಂದ ದೇವರಿಗೆ ಅರ್ಪಿಸಿದ ಕೂದಲು, ಭಾರತದ ತಾಯಂದಿರ ಕೈಗಳಿಂದ.

ಹುಡುಗಿ ಇನ್ನೂ ಹೇಳಿದಳು. ಚನ್ನವೀರಪ್ಪನವರ ಚೀಲಗಳು ಬರ್ಮಾ ಗಡಿ ದಾಟಿ ಹೋಗುತ್ತಿವೆ, ಅಲ್ಲಿ ಬಿಡಿಸಿದ್ದನ್ನು ಇನ್ನೊಬ್ಬ ದಲ್ಲಾಳಿಯ ಹೆಸರಿನಲ್ಲಿ ಆ ಕಂಪನಿಯೇ ಕೊಳ್ಳುತ್ತಿದೆ ಎಂದು ಊರಿಗೆಲ್ಲ ಗೊತ್ತಂತೆ. ಅದೇ ಗಟಾರ, ಅದೇ ಕೂದಲು, ಅದೇ ಸುಳ್ಳು. ಬದಲಾದದ್ದು ಇಷ್ಟೇ, ನಿಜ ಹೇಳಿದವಳು ಮನೆಯಲ್ಲಿ ಕೂತಿದ್ದಳು. ಅವಳ ಕೈಯ ಕೆಲಸ ಬೇಡವಾಯಿತು, ಕೈ ಮುಗಿದ ಚಿತ್ರ ಬೇಕಾಯಿತು. ಕಬ್ಬಿಣಕ್ಕೆ ಮೈ ಉರಿಯುವುದಿಲ್ಲ ಎನ್ನುತ್ತೀರಾ? ಅಂದು ನನ್ನ ಒಂದೊಂದು ಮುಳ್ಳೂ ಕುಲುಮೆಯಲ್ಲಿ ಇದ್ದಂತೆ ಕಾದಿತ್ತು.

ಹುಲಿಗೆವ್ವ ಆ ಚಿತ್ರವನ್ನು ಬಹಳ ಹೊತ್ತು ನೋಡಿದಳು. "ನನ್ನ ಕೇಳಿದ್ರೇನು?" ಎಂದಳು. ಅಷ್ಟೇ. ಅಂದಿನಿಂದ ಅವಳು ತನ್ನನ್ನು ಬೈದುಕೊಳ್ಳುವುದನ್ನು ಬಿಟ್ಟಳು.

ಮುಂದಿನ ವರ್ಷ ಆ ಗಡಿಯಲ್ಲಿ ಗಲಾಟೆಯಾಗಿ ದಾರಿ ಮುಚ್ಚಿತು. ಚೀಲಗಳು ನಡುದಾರಿಯಲ್ಲಿ ಕೊಳೆತವು. ಆಗ ಚನ್ನವೀರಪ್ಪನವರಿಗೆ ಭಾಗ್ಯನಗರದ ಹೆಂಗಸರು ಮತ್ತೆ ನೆನಪಾದರು. ಶೆಡ್ಡು ಬೇಡ, ಮನೆಮನೆಗೇ ಚೀಲ ಇಳಿಸುತ್ತೇನೆ ಎಂದುಕೊಂಡು ಮೊದಲು ಬಂದದ್ದು ಹುಲಿಗೆವ್ವನ ಬಾಗಿಲಿಗೆ.

"ಆದದ್ದಾತವಾ, ಮರತ ಬಿಡು. ನಿನ್ನಂಥ ಕೈ ಎಲ್ಲೂ ಸಿಗಲಿಲ್ಲ. ಚೀಲ ಇಳಸ್ತೀನಿ." ಮಾತು ಮುಗಿಯುವ ಮೊದಲೇ ಜೇಬಿನಿಂದ ಫೋನು ತೆಗೆದು ಯಾರಿಗೋ ಹಚ್ಚಿದರು. ಪರದೆಯ ಮೇಲೆ ಅದೇ ಕೋಟಿನವನು, ಅವನ ಪಕ್ಕದಲ್ಲಿ ಮೇಡಮ್ಮು. "ಒಂದs ನಿಮಿಷ. ಮೇಡಮ್ಮಿಗೂ ಎಲ್ಲೂ ಮಾಲು ಸಿಗಾಕತ್ತಿಲ್ಲ, ಜಾಹೀರಾತಿನ್ಯಾಗಿನ ನಿನ್ನ ನೋಡಬೇಕಂತ. ಹಿಂದಿನಂಗ ಕೈ ಮುಗಿ, ಮುಡಿ ಅನ್ನು, ಸಾಕು."

ಹುಲಿಗೆವ್ವ ಎದ್ದಳು. ಚನ್ನವೀರಪ್ಪನವರ ಕೈ ಸಮೇತ ಫೋನನ್ನು ಹಿಡಿದು ಅದರ ಮುಖವನ್ನು ಅವರ ಕಡೆಗೇ ತಿರುಗಿಸಿದಳು.

"ಕೂದಲಾ ಬಿಡಸೂದು ನನ್ನ ಕೆಲಸ್ರೀ, ಬಿಡಸ್ತೀನಿ. ಸುಳ್ಳು ನೀವs ಹೇಳ್ರಿ. ಕೈ ಮುಗದು ಹೇಳ್ರಿ, ನಾ ನೋಡ್ತೀನಿ."

ಪರದೆಯ ಮೇಲಿನ ಇಬ್ಬರೂ ಕಾಯುತ್ತಿದ್ದರು. ಚನ್ನವೀರಪ್ಪ ಕೈ ಬಿಡಿಸಿಕೊಂಡರು. ಕೊನೆಗೆ ಫೋನು ಆರಿಸಿದರು.

"ಈ ವಯಸ್ಸಿನ್ಯಾಗ ಇಷ್ಟು ಸೊಕ್ಕ ಇರಬಾರದು," ಎಂದು ಚೀಲ ಎತ್ತಿಸಿಕೊಂಡು ಮುಂದಿನ ಮನೆಗೆ ನಡೆದರು. ಮುಂದಿನ ಮನೆ ದುರಗವ್ವನದು.

ಸಂಜೆ ದುರಗವ್ವ ಬಂದು ಬಾಗಿಲಲ್ಲೇ ನಿಂತಳು. "ಚೀಲ ಇಳಸ್ಕೊಂಡೆ ಅಕ್ಕಾ. ಮಗಳ ಓದು ಐತಿ. ನನ್ನ ಬೈತೀ?"

"ಬಯ್ಯಾಕ ನೀ ಏನು ಕದ್ದಿ? ದುಡ್ಯಾಕ ನಾ ಎಂದರ ಬ್ಯಾಡ ಅಂದೇನೇನು?" ಹುಲಿಗೆವ್ವ ನನ್ನ ಮುಳ್ಳುಗಳ ನಡುವಿನ ಪುಂಡಿ ನಾರನ್ನೆಲ್ಲ ಕಿತ್ತು, ಒರೆಸಿ, ನನ್ನನ್ನು ಅವಳ ಕೈಗಿಟ್ಟಳು. "ಒಯ್ಯಿ. ಚಲೋ ಎಳಿತೈತಿ ಇದು. ಆದ್ರ ನೋಡು, ಅವ್ರು ಕೈ ಮುಗಿ ಅಂದ್ರ ಮಾತ್ರ ಮುಗೀಬ್ಯಾಡ."

ಈಗ ನಾನು ದುರಗವ್ವನ ಪಡಸಾಲೆಯಲ್ಲಿದ್ದೇನೆ. ಮುಪ್ಪು ಬಂದಿದೆ. ಎರಡನೇ ಸಾಲಿನಲ್ಲಿ ನಾಲ್ಕು ಮುಳ್ಳು ಬಾಗಿವೆ, ಹಲಗೆಯ ಒಂದು ಮೂಲೆ ಸೀಳಿದೆ. ನನ್ನ ಮೇಲೆ ಎಳೆದ ಕೂದಲು ಇವತ್ತಿಗೂ ಗೋಪುರದ ಚಿತ್ರದ ಪೊಟ್ಟಣದಲ್ಲೇ ಹೋಗುತ್ತದೆ. ಅಷ್ಟು ದೂರಕ್ಕೆ ನನ್ನ ಮುಳ್ಳು ನಾಟುವುದಿಲ್ಲ. ಜಗತ್ತು ಒಂದೂರು ಆಗಿದೆಯಂತೆ. ಆಗಿರಲಿ. ಆ ಊರಿನಲ್ಲಿ ಮಾಲು ಓಡಾಡಲು ಹೆದ್ದಾರಿ ಇದೆ, ದುಡ್ಡು ಓಡಾಡಲು ಹೆದ್ದಾರಿ ಇದೆ, ದುಡಿದವಳ ಮಾತು ಓಡಾಡಲು ಒಂದು ಕಾಲುದಾರಿಯೂ ಇಲ್ಲ. ಇಷ್ಟು ತಿಳಿಯಲು ನಾನು ಶಾಲೆಗೆ ಹೋಗಬೇಕಾಗಲಿಲ್ಲ.

ಬರುವ ತಿಂಗಳು ಮೇಡಮ್ಮು ಕ್ಯಾಮೆರಾ ಹಿಡಿಸಿಕೊಂಡು ಮತ್ತೆ ಬರುತ್ತಾಳಂತೆ. ಬರಲಿ. ದುರಗವ್ವ ಎರಡೂ ಕೈತುಂಬ ಕೂದಲು ಹಿಡಿದು ನನ್ನ ಮುಂದೆ ಕೂತಿರುತ್ತಾಳೆ. ಮುಗಿಯಲು ಕೈ ಖಾಲಿ ಇರುವುದಿಲ್ಲ.